ಹತ್ತು ನಿಮಿಷ ಓಡುತ್ತಿದ್ದ ಕಾರು

ಸ್ವಲ್ಪ ತಡೆಯಿರಿ. ಕಾರು ಯಾಕೆ ನಿಲ್ಲುತ್ತಿತ್ತು ಎಂಬುದು ಕೊನೆಯಲ್ಲಿ ಬರುತ್ತದೆ. ಅಲ್ಲಿಯವರೆಗೆ ನೀವೂ ನನ್ನ ಹಾಗೆ ತಲೆ ಕೆಡಿಸಿಕೊಳ್ಳಿ. ಗಾಡಿ ಬಿಚ್ಚಿ ಕಟ್ಟುವ ಹುಚ್ಚಿರುವವರು ನಡುವೆಯೇ ಕಂಡುಹಿಡಿದರೂ ಹಿಡಿಯಬಹುದು. ನನ್ನ ಕೈಲಿ ಆಗಲಿಲ್ಲ.

ಅದು ಎರಡೇ ಬಾಗಿಲಿನ, ಉದ್ದ ಮೂತಿಯ ಹಳೇ ಸ್ಪೋರ್ಟ್ಸ್ ಕಾರು. ವಯಸ್ಸಿನಲ್ಲಿ ನನಗಿಂತ ದೊಡ್ಡದು. ಓಡದ ಸ್ಥಿತಿಯಲ್ಲಿ ಕೊಂಡು ತಂದು, ವಿಡಿಯೋ ನೋಡಿ ನೋಡಿ, ಭಾನುವಾರಗಳಲ್ಲಿ ಒಂದೊಂದೇ ಭಾಗ ಸರಿಮಾಡಿದ್ದೆ. ಜರಗನಹಳ್ಳಿಯಲ್ಲಿ ನಾನು, ಅಮ್ಮ ಇರುವ ಬಾಡಿಗೆ ಮನೆಯ ಕಾಂಪೌಂಡಿನಲ್ಲೇ ಅದರ ವಾಸ. ಮೇಲಿನ ಮನೆಯಲ್ಲಿ ಓನರ್ ಅಂಕಲ್. ಎಲ್ಲರಿಗೂ ಒಂದೇ ಗೇಟು.

ಆ ವರ್ಷದ ಆಯುಧಪೂಜೆಯ ಹೊತ್ತಿಗೆ ಕಾರು ಮೊದಲ ಸಲ ಓಡುವ ಸ್ಥಿತಿಗೆ ಬಂದಿತ್ತು. ಅಮ್ಮ ಅರಿಶಿನ, ಗಂಧ ಗಟ್ಟಿಯಾಗಿ ಕಲಸಿಕೊಂಡು ಬಂದರು. ಯಾವುದನ್ನೂ ಬಿಡಲಿಲ್ಲ. ಬಾನೆಟ್ಟು, ಸ್ಟೀರಿಂಗ್, ನಾಲ್ಕು ಟೈರು, ಹಿಂದಿನ ಮಡ್ಗಾರ್ಡಿನ ಮೇಲೆ ಹೊಳೆಯುವ ಪೆಟ್ರೋಲ್ ಮುಚ್ಚಳ, ನನ್ನ ಸ್ಪ್ಯಾನರುಗಳು, ಕೊನೆಗೆ ಜಾಕಿಗೂ ಬೊಟ್ಟು. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ ರಸ್ತೆಯ ತುದಿಯವರೆಗೆ ಹೋಗಿ ಬಂದೆವು. ಅಂಕಲ್ ಕೂಡ ಬಾಲ್ಕನಿಯಿಂದ ಚಪ್ಪಾಳೆ ತಟ್ಟಿದರು.

ಮರುವಾರ ಅಮ್ಮನನ್ನು ಕೂರಿಸಿಕೊಂಡು ಬನಶಂಕರಿ ದೇವಸ್ಥಾನಕ್ಕೆ ಹೊರಟೆ. ಕನಕಪುರ ರಸ್ತೆಯಲ್ಲಿ ಹತ್ತು ನಿಮಿಷ ಚೆನ್ನಾಗಿ ಓಡಿದ ಕಾರು ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಪೆಟ್ರೋಲ್ ಖಾಲಿಯೇ ಎಂದು ಮುಚ್ಚಳ ತೆಗೆದೆ. ಉಸ್ಸೆಂದು ಸದ್ದಾಯಿತು. ಬಿಸಿಲಿಗೆ ಹಬೆ ಎದ್ದಿರಬೇಕು ಎಂದುಕೊಂಡೆ. ಒಳಗೆ ಪೆಟ್ರೋಲ್ ಬೇಕಾದಷ್ಟಿತ್ತು. ಮುಚ್ಚಿ ಕೀ ತಿರುಗಿಸಿದರೆ ಏನೂ ಆಗಿಯೇ ಇಲ್ಲವೆಂಬಂತೆ ಸ್ಟಾರ್ಟ್ ಆಯಿತು. ಮತ್ತೆ ಹತ್ತು ನಿಮಿಷ, ಮತ್ತೆ ಕೆಮ್ಮು, ಮತ್ತೆ ಮುಚ್ಚಳ ತೆಗೆದು ನೋಡುವುದು.

ಇಂಜಿನ್ನಿಗೆ ಪೆಟ್ರೋಲ್ ಸರಿಯಾಗಿ ತಲುಪುತ್ತಿಲ್ಲ ಎಂಬುದು ಗೊತ್ತಾಯಿತು. ಯಾಕೆ ಎಂಬುದು ಮಾತ್ರ ಗೊತ್ತಾಗಲಿಲ್ಲ. ಒಂದು ದಿನ ಸರಿಯಾಗಿ ಗೇಟಿನ ಬಾಯಲ್ಲೇ ನಿಂತಿತು. ಹಿಂದೆ ಅಂಕಲ್ ಯಾರದೋ ಮದುವೆಗೆ ಹೊರಟಿದ್ದರು. ರೇಷ್ಮೆ ಶಲ್ಯವನ್ನು ಸೊಂಟಕ್ಕೆ ಬಿಗಿದು ಅವರೂ ತಳ್ಳಿದರು.

"ನೋಡಪ್ಪಾ, ನಿನ್ ಗಾಡಿ ಮೇಲೆ ನಂಗೇನ್ ಕೋಪ ಇಲ್ಲ. ದೀಪಾವಳಿ ಹೊತ್ಗೆ ತನ್ ಕಾಲ್ ಮೇಲೆ ತಾನು ಓಡಾಡಿದ್ರೆ ಇರ್ಲಿ. ಇಲ್ದಿದ್ರೆ ಇಲ್ಲಿಂದ ತೆಗ್ಸಿಬಿಡು."

ತೆಗೆಸಿ ಎಲ್ಲಿಡುವುದು? ಈ ಕಡೆಯ ರಸ್ತೆಗಳಲ್ಲಿ ಬೈಕಿಗೇ ಜಾಗವಿಲ್ಲ.

ಫಿಲ್ಟರ್ ಬದಲಾಯಿಸಿದೆ. ಪಂಪ್ ಬದಲಾಯಿಸಿದೆ. ಕಾರ್ಬ್ಯುರೇಟರನ್ನು ಅಡುಗೆಮನೆಯ ತಟ್ಟೆಯಲ್ಲಿ ಹರಡಿಕೊಂಡು ಹಲ್ಲುಜ್ಜುವ ಬ್ರಶ್ಶಿನಲ್ಲಿ ತೊಳೆದೆ. ಬಿಟಿಎಂ ಬಡಾವಣೆಯಲ್ಲಿ ರೂಮು ಮಾಡಿಕೊಂಡಿದ್ದ ಧಾರವಾಡದ ಗೆಳೆಯ ಬಂದು ಟಾರ್ಚ್ ಹಿಡಿದ.

"ಇನ್ನೇನ್ ಬಿಚ್ಚಾಕ ಉಳದೈತಿ ದೋಸ್ತ?" ಎಂದ. "ನಂಬರ್ ಪ್ಲೇಟ್ ಒಂದ ಉಳದೈತಿ. ಅದನ್ನೂ ಬಿಚ್ಚಿ ತೊಳದಬಿಡು, ನಡೀತೈತೇನೋ."

"ಪೆಟ್ರೋಲ್ ಕಮ್ಮಿ ಇರೋದಕ್ಕೇ ಹೀಗಾಗ್ತಿದೆ ಮಗಾ, ಫುಲ್ ಹಾಕ್ಸಿ ನೋಡೋಣ," ಎಂದೆ.

ಟ್ಯಾಂಕ್ ತುಂಬಿಸಿದ ಮೇಲೆ ಇನ್ನೂ ಬೇಗ ನಿಲ್ಲತೊಡಗಿತು. ಇದು ನನ್ನ ತಲೆಯನ್ನು ಪೂರ್ತಿ ಕೆಡಿಸಿತು. ಶಾಖವೇ ಕಾರಣ ಎಂದು ತೀರ್ಮಾನಿಸಿ ಪಂಪಿಗೆ ಒದ್ದೆ ಬಟ್ಟೆ ಸುತ್ತಿದೆ. ನಿಂತಲ್ಲೆಲ್ಲ ಇಳಿದು ಅಮ್ಮ ತಮ್ಮ ನೀರಿನ ಬಾಟಲಿಯಿಂದ ಅದಕ್ಕೆ ನೀರು ಹನಿಸುತ್ತಿದ್ದರು. ಪಕ್ಕದಲ್ಲಿ ಹಾದ ಆಟೋದವರು ಬಗ್ಗಿ ನೋಡಿ, "ಏನ್ ಗುರು, ಜ್ವರಾನಾ? ಒಂದ್ ಮಾತ್ರೆ ನುಂಗ್ಸು," ಎಂದು ಹೋದರು.

ಹಬ್ಬದ ಹಿಂದಿನ ಭಾನುವಾರ ಕಡೆಯ ಪ್ರಯತ್ನ. ಬನಶಂಕರಿ ಬಸ್ ನಿಲ್ದಾಣದ ಎದುರು ಕಾರು ಕೆಮ್ಮಿದಾಗ ನಾನು ಇಳಿಯಲೇ ಇಲ್ಲ. ಸ್ಟೀರಿಂಗಿನ ಮೇಲೆ ಕೈಯಿಟ್ಟುಕೊಂಡು ಕೂತೆ. ಹಿಂದಿನಿಂದ ಹಾರ್ನುಗಳು. ಅಮ್ಮ ಮೆಲ್ಲಗೆ, "ಬಿಟ್ಬಿಡಪ್ಪ, ಪಾಪ ಅದ್ಕೂ ಆಗ್ತಿಲ್ಲ," ಎಂದರು.

ಬಿಟ್ಟೆ. ಬಿಡಿಭಾಗಕ್ಕಾಗಿ ಹಳೇ ಕಾರು ಕೊಳ್ಳುವ ಒಬ್ಬ ಬಂದ. ಪೆಟ್ರೋಲ್ ಎಷ್ಟಿದೆ ಎಂದು ತೋರಿಸಲು ಮುಚ್ಚಳ ತೆಗೆದು ಕಾಂಪೌಂಡ್ ಗೋಡೆಯ ಮೇಲಿಟ್ಟೆ. ಆಮೇಲೆ ಇಂಜಿನ್ ಶುರುಮಾಡಿದೆ. ಅವನು ಕಿವಿಗೊಟ್ಟು ಕೇಳಿದ.

"ಸಖತ್ತಾಗಿದೆಯಲ್ಲ ಬ್ರೋ?"

"ತಡೀರಿ, ಈಗ ನಿಲ್ಲುತ್ತೆ."

ನಿಲ್ಲಲಿಲ್ಲ. ಕಾಗದಗಳಿಗೆ ಸಹಿ ಹಾಕಿದೆವು. ಅಮ್ಮ ಕಾಫಿ ಕೊಟ್ಟರು, ಕುಡಿದೆವು. ಕಾರು ಒಂದು ಸಲವೂ ಕೆಮ್ಮದೆ ಗುರುಗುಟ್ಟುತ್ತಲೇ ಇತ್ತು. ಹೋಗುವ ಹೊತ್ತಿಗೆ ಮತ್ತೆ ಆಸೆ ಹುಟ್ಟಿಸುತ್ತಿದೆ, ನಾಳೆ ಮತ್ತೆ ಗೇಟಿನಲ್ಲಿ ನಿಲ್ಲುತ್ತದೆ, ನಂಬಬಾರದು ಎಂದು ಹಲ್ಲು ಕಚ್ಚಿಕೊಂಡೆ. ಕಾರು ತಾನಾಗಿಯೇ ಟೋಯಿಂಗ್ ಲಾರಿಯ ಹಲಗೆ ಹತ್ತಿತು. ಮೇಲಿನಿಂದ ಅಂಕಲ್, "ಹೋಗೋ ದಿನ ಒಳ್ಳೆ ಬುದ್ಧಿ ಬಂತ್ ನೋಡು," ಎಂದು ನಕ್ಕರು.

ದೀಪಾವಳಿಗೆ ಕಾಂಪೌಂಡ್ ಗುಡಿಸುವಾಗ ಅಮ್ಮನಿಗೆ ಆ ಮುಚ್ಚಳ ಸಿಕ್ಕಿತು. ಒರೆಸಿ ನನ್ನ ಕೈಗಿತ್ತರು. ಟ್ಯಾಂಕಿನಿಂದ ಪೆಟ್ರೋಲ್ ಹೊರಗೆ ಹೋದಷ್ಟೂ ಗಾಳಿ ಒಳಗೆ ಬರಲೆಂದು ಅದರ ನಡುವೆ ಒಂದು ತೂತಿರುತ್ತದೆ, ಗುಂಡುಪಿನ್ನಿನಷ್ಟು. ಗಾಳಿ ಬರದಿದ್ದರೆ ಪೆಟ್ರೋಲೂ ಹೊರಡುವುದಿಲ್ಲ. ನನ್ನ ಕೈಯಲ್ಲಿದ್ದ ಮುಚ್ಚಳದಲ್ಲಿ ಅದು ಕಾಣಲಿಲ್ಲ. ಊದಿದೆ. ಉಸಿರು ಆಚೆ ಹೋಗಲಿಲ್ಲ. ಪಿನ್ನು ಚುಚ್ಚಿದೆ. ಒಣಗಿ ಕಲ್ಲಾಗಿದ್ದ ಅರಿಶಿನ ಅಂಗೈಗೆ ಉದುರಿತು.

ಆ ಉಸ್ಸೆನ್ನುವ ಸದ್ದು ಹಬೆ ಹೊರಗೆ ಬಂದದ್ದಲ್ಲ, ಗಾಳಿ ಒಳಗೆ ನುಗ್ಗಿದ್ದು. ಟ್ಯಾಂಕ್ ತುಂಬಿದ್ದಾಗ ಒಳಗೆ ಇದ್ದ ಗಾಳಿಯೇ ಕಮ್ಮಿ, ಅದಕ್ಕೇ ಇನ್ನೂ ಬೇಗ ನಿಲ್ಲುತ್ತಿತ್ತು. ಪ್ರತಿ ಸಲವೂ ಮುಚ್ಚಳ ತೆಗೆದು ಕಾರನ್ನು ಸರಿಮಾಡುತ್ತಿದ್ದವನೂ ನಾನೇ, ಮತ್ತೆ ಮುಚ್ಚಿ ಕೆಡಿಸುತ್ತಿದ್ದವನೂ ನಾನೇ.

ಕೊಂಡವನಿಗೆ ಫೋನ್ ಮಾಡಿದೆ. "ಇಂಜಿನ್ ಇಳಿಸಾಯ್ತು ಬ್ರೋ, ಬಾಡಿ ಕಟ್ ಆಗೋಯ್ತು. ಮುಚ್ಚಳ ನೀವೇ ಇಟ್ಕೊಳ್ಳಿ," ಎಂದ.

ಅಮ್ಮ ನನ್ನ ಅಂಗೈಯನ್ನೇ ನೋಡುತ್ತಿದ್ದರು. "ಅದ್ರ ಬಾಯಿ ಅಂತ ಅಲ್ಲಿಗ್ ಸ್ವಲ್ಪ ಜಾಸ್ತೀನೇ ಇಟ್ಟಿದ್ದೆ ಕಣೋ," ಎಂದರು. ಪೊರಕೆ ಇಸಿದುಕೊಂಡು ಉಳಿದ ಅಂಗಳವನ್ನು ನಾನೇ ಗುಡಿಸಿದೆ. ಕಾರು ನಿಲ್ಲುತ್ತಿದ್ದ ಕಡೆ ಎಣ್ಣೆಯ ಕಲೆ ಹೋಗಲಿಲ್ಲ. ಈಗ ಅಲ್ಲಿ ಅಂಕಲ್ ತಮ್ಮ ಸ್ಕೂಟರ್ ನಿಲ್ಲಿಸುತ್ತಾರೆ.

ನಿಮ್ಮ ಗಾಡಿಯನ್ನೂ ಇಂಥ ಚಿಕ್ಕದೇನಾದರೂ ನಿಲ್ಲಿಸಿತ್ತೇ? ಕೆಳಗೆ ಬರೆಯಿರಿ, ಎಲ್ಲವನ್ನೂ ಓದುತ್ತೇನೆ. ಕೊನೆಗೆ ಸರಿಹೋದ ಕಥೆಯೇ ಆಗಬೇಕೆಂದೇನಿಲ್ಲ.