ಅಪ್ಪ ಒಗೆಯದ ಬ್ಯಾಟು

ಆಗೆಲ್ಲ ಕೊಲ್ಲಿ ದೇಶದ ಹವಲ್ಲಿಯಲ್ಲಿ ಚಳಿಗಾಲದ ಶುಕ್ರವಾರವೆಂದರೆ ನಮ್ಮ ಕಟ್ಟಡದ ಹಿಂದಿನ ಬಯಲು. ಕಾರುಗಳೇ ನಿಲ್ಲದ ಜಾಗವೊಂದು ಅಲ್ಲಿತ್ತೆಂದರೆ ಈಗಿನ ಮಕ್ಕಳು ನಂಬಲಿಕ್ಕಿಲ್ಲ. ಅವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳುತ್ತಿದ್ದಳು. ನೆಸ್ಟರ್ ಅಂಕಲ್ ನಿಂಬೆ ಹಿಂಡಿದ ನೂಡಲ್ಸ್ ತರುತ್ತಿದ್ದರು. ಎರಡೂ ಒಂದೇ ತಟ್ಟೆಯಲ್ಲಿ ಬೆರೆತ ಆ ವಾಸನೆ ಇಂದಿಗೂ ನನಗೆ ರಜೆಯ ವಾಸನೆಯೇ.

ನೆಸ್ಟರ್ ಅಂಕಲ್ ಫಿಲಿಪೀನ್ಸಿನವರು, ಗದಗಿನ ನಮ್ಮಪ್ಪನ ಜೊತೆ ಎಸಿ ರಿಪೇರಿ ಮಾಡುತ್ತಿದ್ದರು. ಅವರ ಜೀವವೆಲ್ಲ ಬೇಸ್‌ಬಾಲ್. ಆ ಚಳಿಗಾಲ ವಾಸದ ಪರವಾನಗಿ ಇಕಾಮಾ ಮುಗಿದು, ಕಾಯಂ ಆಗಿ ಊರಿಗೆ ಹೊರಟಿದ್ದರು. ಕೊನೆಯ ಪಂದ್ಯ ಮಿರ್ಕಾಬ್ ಬಡಾವಣೆಯ ತಂಡದ ಜೊತೆ. ಆ ತಂಡವನ್ನು ಅವರು ಒಮ್ಮೆಯೂ ಸೋಲಿಸಿರಲಿಲ್ಲ. ಅಂಥ ದಿನವೇ ಅಂಕಲ್ ಕಡೆಯ ಆಟಗಾರನೊಬ್ಬನಿಗೆ ಡ್ಯೂಟಿ ಬಿತ್ತು. ಆ ಜಾಗಕ್ಕೆ ಅಪ್ಪ ನಿಂತ.

ಚೆಂಡೆಸೆಯುವವರು ಇಬ್ಬರೂ ಗಟ್ಟಿಗರು. ಬಿಸಿಲೇರಿದರೂ ಎರಡೂ ಕಡೆ ಸೊನ್ನೆ. ಆ ಆಟದಲ್ಲಿ ಹೊಡೆದವನು ಬ್ಯಾಟು ಬಿಸಾಡಿ ಓಡಿ, ಚೆಂಡು ಬರುವ ಮುಂಚೆ ಬೇಸ್ ಎನ್ನುವ ಮೊದಲ ಗಾದಿಯ ಮೇಲೆ ಕಾಲಿಡಬೇಕು. ಅಪ್ಪ ಬ್ಯಾಟು ಹಿಡಿದೇ ಓಡಿದ. ಕ್ರಿಕೆಟ್ಟಿನವನ ಹಾಗೆ ಗಾದಿಗೆ ಅದನ್ನು ತಾಗಿಸಿ, ಗೆದ್ದೆ ಎಂದು ನಿಂತ. ಔಟ್! ಬಯಲೆಲ್ಲ ಬಿದ್ದು ಬಿದ್ದು ನಕ್ಕಿತು.

“ಭಾಯಿ, ಬ್ಯಾಟ್ ಫೇಂಕೋ!” ನೆಸ್ಟರ್ ಅಂಕಲ್ ಹಣೆ ಚಚ್ಚಿಕೊಂಡರು.

ನಮ್ಮ ಗದಗಿನ ಕಡೆ ಎಸೆಯುವುದಕ್ಕೆ ಒಗೆಯುವುದು ಎನ್ನುತ್ತೇವೆ. ಅಪ್ಪ ಅವ್ವನ ಮುಂದೆ ಗೊಣಗಿದ: “ಒಗೀ ಅಂದ್ರ ಹೆಂಗ ಒಗೀಲಿ? ನಟ್ಟು ಬಿಚ್ಚೋ ಪಾನಾ ಒಗೀತೀನೇನು? ದಸರಾಕ್ಕ ಕುಂಕುಮ ಹಚ್ಚೋ ಕೈ ಇದು.”

“ಪೂಜಾ ಮನ್ಯಾಗ ಮಾಡ್ರಿ. ಇಲ್ಲಿ ಓಡ್ರಿ,” ಎಂದಳು ಅವ್ವ.

“ಡ್ಯಾಡಿ, ಜಸ್ಟ್ ಡ್ರಾಪ್ ಇಟ್!” ಎಂದೆ ನಾನು. ಆಗ ನನ್ನ ಬಾಯಲ್ಲಿ ಬರೀ ಇಂಗ್ಲಿಷು.

ಜುಮಾ ನಮಾಜಿನ ಹೊತ್ತಿಗೆ ಬಯಲು ಬಿಡಬೇಕಿತ್ತು. ಕೊನೆಯ ಸರದಿ ಅಪ್ಪನದೇ. ನೆಸ್ಟರ್ ಅಂಕಲ್ ಮೂರನೆಯ ಗಾದಿಯ ಮೇಲೆ ತುದಿಗಾಲಲ್ಲಿ ನಿಂತಿದ್ದರು. ಅಪ್ಪ ಔಟಾದರೆ ಅವರು ಓಡಿದ್ದೂ ಲೆಕ್ಕಕ್ಕಿಲ್ಲ, ಗೆಲ್ಲದೆಯೇ ಊರಿಗೆ ಹೋಗಬೇಕು.

ಅಪ್ಪ ಹೊಡೆದ. ಚೆಂಡು ನೆಲಕ್ಕೆ ಕುಟ್ಟಿ ಉರುಳಿತು. “ಒಗೀರೀ!” ಅವ್ವ ಚೀರಿದಳು. ಅಪ್ಪ ಒಗೆಯಲಿಲ್ಲ. ಬ್ಯಾಟನ್ನು ಕೂಸಿನ ಹಾಗೆ ಎದೆಗವಚಿಕೊಂಡು ಓಟ ಕಿತ್ತ. ಈ ಸಲ ಕಾಲೇ ಮೊದಲು ಗಾದಿ ಮುಟ್ಟಿತು, ಚೆಂಡು ಆಮೇಲೆ ಬಂತು. ಅತ್ತ ನೆಸ್ಟರ್ ಅಂಕಲ್ ಓಟ ಪೂರೈಸಿ ನೆಲಕ್ಕೆ ಮುತ್ತಿಡುತ್ತಿದ್ದರು. ಒಂದು–ಸೊನ್ನೆ. ಜಗತ್ತಿನಲ್ಲಿ ನನ್ನಪ್ಪನಂಥವನು ಇನ್ನೊಬ್ಬನಿಲ್ಲ ಎನಿಸಿತು. ಇಂದಿಗೂ ಹಾಗೇ ಎನಿಸುತ್ತದೆ.

ಹೊರಡುವ ದಿನ ನೆಸ್ಟರ್ ಅಂಕಲ್ ಮನೆಗೆ ಬಂದು, ಆ ಬ್ಯಾಟನ್ನು ಎರಡೂ ಕೈಯಿಂದ ಅಪ್ಪನಿಗೆ ಕೊಟ್ಟರು. “ಸಬ್ ಫೇಂಕ್ತಾ. ತುಮ್ ನಹೀ. ತುಮ್ ರಖೋ.” ಎಲ್ಲರೂ ಒಗೆಯುತ್ತಾರೆ, ನೀನು ಒಗೆಯಲಿಲ್ಲ, ನೀನೇ ಇಟ್ಟುಕೋ ಎಂದರು. ಅಪ್ಪ ಅದನ್ನು ಕಣ್ಣಿಗೊತ್ತಿಕೊಂಡ.

ಆ ಬಯಲೀಗ ಪಾರ್ಕಿಂಗ್. ನೆಸ್ಟರ್ ಅಂಕಲ್ ಎಲ್ಲಿದ್ದಾರೋ ಗೊತ್ತಿಲ್ಲ. ಅಪ್ಪ, ಅವ್ವ ಇಬ್ಬರೂ ಇಲ್ಲ. ಮೊನ್ನೆ ದಸರಾದಲ್ಲಿ ಬ್ಯಾಟಿಗೆ ಕುಂಕುಮ ಹಚ್ಚುತ್ತಿದ್ದಾಗ ಮಗ, “ಅಮ್ಮಾ, ಸೋ ಓಲ್ಡ್! ಥ್ರೋ ಮಾಡು,” ಎಂದ.

“ಒಗೀಬಾರದಪ್ಪಾ ಇದನ್ನ,” ಎಂದೆ. ಅಪ್ಪನ ದನಿಯೇ ನನ್ನ ಬಾಯಿಂದ ಬಂತು.

“ಯಾಕೆ, ವಾಶ್ ಮಾಡಿದ್ರೆ ಹಾಳಾಗುತ್ತಾ?” ಎಂದು ಕೇಳಿದ.

ನಕ್ಕೆ, ಹಿಂದೆಯೇ ಅಳು ಬಂತು. ಬ್ಯಾಟು ಉಳಿದಿದೆ. ಆ ಮಾತು ತಿಳಿಯುವವರು ಈ ಮನೆಯಲ್ಲಿ ಈಗ ನಾನೊಬ್ಬಳೇ.