ಹೂವು ಮುಡಿಸಿದ ಕೈ

ಆ ಶುಕ್ರವಾರ ರೇಣುಕಾಳ ತಲೆಗೆ ಹೂವು ಮುಡಿಸಿದವಳು ನಾನು. ಟಿವಿಯವರ ಮುಂದೆ ಈ ಮಾತನ್ನು ನುಂಗಿಬಿಟ್ಟೆ.

ಬೊಮ್ಮಸಂದ್ರದ ನಮ್ಮ ವಠಾರದ ನಲ್ಲಿಯ ಹತ್ತಿರ ಟಿವಿಯವರು ಬಂದ ದಿನ ವರದಿಗಾರ, ಕ್ಯಾಮೆರಾದವನು, ಕೊಡ ಹಿಡಿದ ಹೆಂಗಸರು, ಮಧ್ಯದಲ್ಲಿ ಮನೆ ಒಡತಿ ನಾನು — ಒಳ್ಳೆಯ ಸೀರೆ ಉಟ್ಟುಕೊಂಡು ಬಂದಿದ್ದೆ! ರೇಣುಕಾ ನಮ್ಮ ಬಾಡಿಗೆ ಕೋಣೆಯಲ್ಲಿದ್ದ ಗದಗದ ಕಡೆಯ ಹುಡುಗಿ. ಮಾತ್ರೆ ಕಾರ್ಖಾನೆಯ ಪ್ಯಾಕಿಂಗ್‌ನಲ್ಲಿ ಕೆಲಸ. ಅಲ್ಲಿನ ಸೂಪರ್‌ವೈಸರ್ ಗುರುವಾರ ಗೋದಾಮಿನಲ್ಲಿ ತನ್ನ ಮೇಲೆ ಅತ್ಯಾಚಾರ ಮಾಡಿದನೆಂದು ದೂರು ಕೊಟ್ಟಿದ್ದಳು.

"ಮಾರನೇ ದಿನ ಅವ್ರು ಹೇಗಿದ್ರು ಮೇಡಂ?"

ನನ್ನನ್ನು ಅದುವರೆಗೆ ಯಾರೂ ಮೇಡಂ ಅಂದವರಿಲ್ಲ.

"ಹೂವ ಮುಡ್ಕೊಂಡು ಕೆಲ್ಸಕ್ಕೆ ಹೋದ್ಲು ಸಾರ್."

ಸುಳ್ಳು ಹೇಳಿದೆನೇ? ಇಲ್ಲ — ಅರ್ಧ ಹೇಳಿದೆ. ಆ ಬೆಳಿಗ್ಗೆ ಅವಳು ತಲೆ ಬಾಚದೆ ಹೊಸ್ತಿಲ ಮೇಲೆ ಕೂತಿದ್ದಳು. "ಶುಕ್ರವಾರ ಬರೀ ತಲೇಲಿ ಹೋಗ್ತಾರೇನೇ?" ಎಂದು ನನ್ನ ಅಜ್ಜಿಯ ಹಾಗೆಯೇ ಗದರಿಸಿ, ಜಡೆ ಹೆಣೆದು, ಮೊಳ ಮಲ್ಲಿಗೆ ಸಿಕ್ಕಿಸಿ ಕಳಿಸಿದ್ದೆ. ಕುತ್ತಿಗೆಗೆ ನನ್ನ ಕೈ ತಾಗಿದಾಗ ಬೆಚ್ಚಿಬಿದ್ದಳು. ನೋಡಿದೆ — ಏನೆಂದು ಕೇಳಲಿಲ್ಲ.

ಟಿವಿಯಲ್ಲಿ ದಿನವಿಡೀ ಅದೇ ಓಡಿತು: 'ಮಾರನೇ ದಿನವೇ ಮಲ್ಲಿಗೆ!' ಸಿನಿಮಾ ಪರದೆಯ ಮೇಲೆ ನಾವು ಕಂಡ ನೊಂದ ಹೆಣ್ಣು ಕೂದಲು ಕೆದರಿಕೊಂಡು ಬಾವಿಗೆ ಹಾರುವವಳು. ಜಡೆ ಹಾಕಿಕೊಂಡು ಡ್ಯೂಟಿಗೆ ಹೋದವಳನ್ನು ಯಾರು ನಂಬುತ್ತಾರೆ?

"ಹೂವ ಅಕ್ಕಾರ ಮುಡಿಸ್ಯಾರ್ರೀ" ಎಂದು ರೇಣುಕಾ ಕಂಡವರಿಗೆಲ್ಲ ಹೇಳಿದಳು.

"ಓಹೋ, ಗೋದಾಮಿಗೂ ಅಕ್ಕಾರೇ ಕಳ್ಸಿದ್ರಾ?" — ನಲ್ಲಿಯ ಹತ್ತಿರ ಒಬ್ಬಳು ಚುಚ್ಚಿದಳು. ಎಲ್ಲರೂ ನಕ್ಕರು. ನಾನು ಕೊಡ ತುಂಬಿಸಿಕೊಂಡು ಒಳಗೆ ಹೋದೆ. ನನ್ನನ್ನು ಆಗ 'ಟಿವಿ ಅಕ್ಕ' ಅನ್ನುತ್ತಿದ್ದರಲ್ಲ... ರೇಣುಕಾ ಕೋಣೆ ಖಾಲಿ ಮಾಡಿದಳು, ಕಾರ್ಖಾನೆಯ ಕೆಲಸ ಮಾತ್ರ ಬಿಡಲಿಲ್ಲ. ಹೋಗುವವಳನ್ನು ನಾನು ತಡೆಯಲಿಲ್ಲ.

ವರ್ಷಗಳ ಮೇಲೆ ಆರೋಪಿಯ ವಕೀಲರೇ ನನ್ನನ್ನು ಸಾಕ್ಷಿಗೆ ಕರೆಸಿದರು. ಟಿವಿಯಲ್ಲಿ ಹೇಳಿದ್ದನ್ನೇ ಹೇಳಿದರೆ ಅವರಿಗೆ ಸಾಕಿತ್ತು. ನಾನು ಕಟಕಟೆಯಲ್ಲಿ ನಿಂತಾಗ ರೇಣುಕಾ ನನ್ನನ್ನೇ ನೋಡುತ್ತಿದ್ದಳು — ಬೇಡುತ್ತಿರಲಿಲ್ಲ, ಸುಮ್ಮನೆ ನೋಡುತ್ತಿದ್ದಳು.

"ಅವ್ಳು ಮುಡ್ಕೊಳ್ಲಿಲ್ಲ ಸ್ವಾಮಿ, ನಾನೇ ಮುಡಿಸ್ದೆ. ಅವ್ಳಿಗೆ ಕತ್ತೆತ್ತೋಕೂ ಆಗ್ತಿರ್ಲಿಲ್ಲ."

"ಮತ್ತೆ ಟಿವಿಯಲ್ಲಿ ಯಾಕೆ ಹೇಳಲಿಲ್ಲ?" ವಕೀಲರು ಸಿಡುಕಿದರು.

"ಟಿವಿಲಿ ಬರೋ ಆಸೆ ಸಾರ್. ಅವ್ರು ಕೇಳಿದ್ದಷ್ಟೇ ಹೇಳ್ಬಿಟ್ಟೆ."

ಆ ಸೂಪರ್‌ವೈಸರ್‌ಗೆ ಶಿಕ್ಷೆಯಾಯಿತು. ಗೆದ್ದವಳು ರೇಣುಕಾ — ಮೊದಲ ದಿನದಿಂದ ಒಂದೇ ಮಾತಿಗೆ ನಿಂತವಳು. ನಾನು ತಡಮಾಡಿ ಹೇಳಿದ ಸತ್ಯದಿಂದ ನಡುವಿನ ವರ್ಷಗಳು ಅವಳಿಗೆ ತಿರುಗಿ ಬರಲಿಲ್ಲ. ಅದು ನನ್ನ ಲೆಕ್ಕದಲ್ಲೇ ಇದೆ.

ತೀರ್ಪಿನ ದಿನ ಟಿವಿಯವರು ಅವಳನ್ನು ಸುತ್ತುವರಿದರು. "ಮುಖ ಬ್ಲರ್ ಮಾಡ್ತೀವಿ ಮೇಡಂ, ಹೆದರ್ಬೇಡಿ."

"ಮಸುಕು ಮಾಡಬ್ಯಾಡ್ರೀ. ಹೆಸರೂ ಹಾಕ್ರಿ. ನಾಚಬೇಕಾದಾವ ಜೈಲಿನ್ಯಾಗ ಅದಾನ!"

ನಮ್ಮ ಮನೆಯಲ್ಲಿ ಟಿವಿ ನೋಡುತ್ತಿದ್ದ ವಠಾರದ ಹೆಂಗಸರು — ಅಂದು ನಕ್ಕವರೇ — ಶಿಳ್ಳೆ ಹೊಡೆದರು.

ಮರುತಿಂಗಳು ಕಾರ್ಖಾನೆಯ ಹೆಂಗಸರು ಕೈಯೆತ್ತಿ ರೇಣುಕಾಳನ್ನೇ ಹೆಂಗಸರ ದೂರು ಕೇಳುವ ತಮ್ಮ ಸಮಿತಿಗೆ ಆರಿಸಿದರು.