ಕಳಕಪ್ಪನ ಕಚ್ಚಿನ ಕೋಲು

ಐವತ್ತನಾಲ್ಕು-ಐವತ್ತೈದನೇ ಇಸವಿಯ ಹೊತ್ತಿಗೆ ಗಜೇಂದ್ರಗಡದಲ್ಲಿ ಮಗ್ಗ ಮಾಡುವವರು ಯಾರು ಅಂತ ಕೇಳಿದ್ದರೆ ದಾರಿಯ ಎಮ್ಮೆ ಕೂಡ ಬಡಿಗೇರ ಕಳಕಪ್ಪನ ಮನೆಯ ಕಡೆ ಮುಖ ತಿರುಗಿಸುತ್ತಿತ್ತು. ಅಂಥ ಹೆಸರು! ಹೊಲ ಇಲ್ಲ, ತೋಟ ಇಲ್ಲ; ಆ ಹೆಸರೊಂದೇ ಅವನ ಆಸ್ತಿ.

ಅಡಿ, ಇಂಚು ಅಂದರೆ ಅವನಿಗೆ ಅಷ್ಟಕ್ಕಷ್ಟೆ. ಅವನ ಲೆಕ್ಕವೆಲ್ಲ ಕೋಲಿನ ಮೇಲೆ. ಮಗ್ಗ ಬೇಕು ಅಂತ ಬಂದವರನ್ನು ಕಟ್ಟೆಯ ಮೇಲೆ ಕೂಡಿಸಿ, ಹಿಮ್ಮಡಿಯಿಂದ ಮೊಣಕಾಲಿನ ತನಕ ಬಿದಿರಿನ ಕೋಲು ಹಿಡಿದು, ಉಳಿಯಿಂದ ಒಂದು ಕಚ್ಚು ಹಾಕುತ್ತಿದ್ದ. ಹೆಣ್ಣುಮಕ್ಕಳಾದರೆ ಹೆಂಡತಿ ಫಕೀರವ್ವ ಒಳಗೆ ಕರೆದು ಅಳೆದು ಬರುತ್ತಿದ್ದಳು. ಕೂಡುವ ಹಲಗೆ ಎಷ್ಟು ಎತ್ತರ, ಬಟ್ಟೆ ಸುತ್ತುವ ದಿಂಡು ಎಲ್ಲಿ, ಎಲ್ಲ ಆ ಕಚ್ಚಿನಿಂದಲೇ. ಮೂಲೆಯಲ್ಲಿ ಇಂಥ ಐವತ್ತು ಕೋಲು ಒರಗಿದ್ದವು. ಯಾರ ಕೋಲು ಯಾವುದು ಅಂತ ಕಣ್ಣು ಮುಚ್ಚಿ ಹೇಳುತ್ತಿದ್ದ ಪುಣ್ಯಾತ್ಮ.

ಮೆಹಬೂಬಸುಭಾನಿ ಅವನ ಹತ್ತಿರವೇ ಎಂಟು ವರ್ಷ ಕಟ್ಟಿಗೆಗೆ ರಂದ ಹೊಡೆದು ಬಡಿಗತನ ಕಲಿತವನು. ಆಮೇಲೆ ಹುಬ್ಬಳ್ಳಿಗೆ ಹೋಗಿ ನಕಾಶೆ ಬರೆಯುವುದು ಕಲಿತು ಬಂದ. ಬಂದ ತಿಂಗಳಿಗೇ ನೇಕಾರರ ಸಂಘದವರು ಅವನಿಗೆ ಕೆಲಸ ಕೊಟ್ಟರು: ಹತ್ತು ಹೊಸ ಮಗ್ಗ ಬೇಕು, ರೋಣದ ಬಡಿಗರೂ ನರಗುಂದದ ಬಡಿಗರೂ ನೋಡಿ ಮಾಡುವ ಹಾಗೆ ಒಂದು ನಕಾಶೆ ಬರಿ.

ಅವನು ಬರೆದ. ಸಂಘದ ಗೋಡೆಗೆ ಹಚ್ಚಿದರು. ಊರೇ ನೋಡಲು ಹೋಯಿತು. ಕಳಕಪ್ಪ ಹೋಗಲಿಲ್ಲ, ಫಕೀರವ್ವ ಹೋಗಿ ಬಂದಳು.

“ಏನ್ ಚಂದ ಬರ್ದಾನ್ರಿ ನಿಮ್ ಸುಭಾನಿ! ಕೈಲೆ ಮುಟ್ಟಿದ್ರ ಕಟಗೀನs ಸಿಗತೈತೇನೋ ಅನ್ನಸ್ತೈತಿ.”

“ಹಾಳ್ಯಾಗಿನ ಮಗ್ಗದಾಗ ಹಾಳೀ ಸೀರಿ ನೇಯ್ತಾರೇನ?” ಅಂದ ಕಳಕಪ್ಪ. ಉಳಿಯನ್ನು ಕಲ್ಲಿನ ಮೇಲೆ ಜೋರಾಗಿ ಮಸೆಯತೊಡಗಿದ. ಮೂವತ್ತು ವರ್ಷ ಮಗ್ಗ ಮಾಡಿದವನು ತಾನು. ಯಾರಾದರೂ ಹೀಗೆ ಗುಂಪುಗಟ್ಟಿ ನೋಡಿದ್ದರೇ?

ಮರುದಿನ ಮೆಹಬೂಬಸುಭಾನಿಯೇ ನಕಾಶೆ ಸುತ್ತಿಕೊಂಡು ಬಂದ. ಹಾಸಿದ. ಕಳಕಪ್ಪ ಬೇಡವೆಂದರೂ ಕಣ್ಣು ಹೋಯಿತು. ಕೂದಲಿನಷ್ಟು ಸಣ್ಣ ಗೆರೆಗಳು, ಎರಡೂ ತುದಿಗೆ ಬಾಣ, ಬಾಣದ ಮೊನೆಯೋ ಜಾಲಿ ಮುಳ್ಳಿನ ಹಾಗೆ ಚೂಪು. ಆದರೆ ನಡುವೆ ಖಾಲಿ.

“ಇಲ್ಲಿ ಅಳತಿ ಬರೀಬೇಕು ಕಾಕಾ. ಮಗ್ಗದ ಅಳತಿ ಅಂದ್ರ ನಿಮ್ದs. ಕೋಲ ಕೊಡ್ರಿ, ಇಂಚಿನಾಗ ತಗೋತೀನಿ.”

ಉದ್ದ ಕೊಟ್ಟ, ಅಗಲ ಕೊಟ್ಟ. ಎಲ್ಲ ಖರೇನೇ ಕೊಟ್ಟ. ಕೊನೆಗೆ ಉಳಿದದ್ದು ಕಾಲು ತುಳಿಯುವ ಹಲಗೆಯಿಂದ ಕೂಡುವ ಹಲಗೆಯ ಎತ್ತರ. ಕಳಕಪ್ಪನ ಕೈ ಮೂಲೆಗೆ ಹೋಯಿತು. ಹೋದದ್ದು ಎಲ್ಲಿಗೆ? ಊರಿಗೆಲ್ಲ ಗಿಡ್ಡಿ ಮಾಯವ್ವನ ಕೋಲಿಗೆ! ನಿಂತರೆ ಬೀಸುವ ಕಲ್ಲಿನಷ್ಟೆತ್ತರ ಅನ್ನುತ್ತಿದ್ದರು ಆಕೆಗೆ.

ಮೆಹಬೂಬಸುಭಾನಿ ಇಂಚುಪಟ್ಟಿ ಇಟ್ಟು ನೋಡಿದ. “ಹದಿನಾಲ್ಕ ಇಂಚ? ಕಡಿಮಿ ಆಗಲಿಲ್ಲೇನ ಕಾಕಾ?”

“ಮಗ್ಗ ಮಾಡಾವ ನಾನೋ ನೀನೋ? ಬರಕೊ.”

ಅವನು ಬರೆದುಕೊಂಡ. ಆ ರಾತ್ರಿ ಕಳಕಪ್ಪ ಎರಡು ರೊಟ್ಟಿ ಹೆಚ್ಚಿಗೆ ಉಂಡ.

ನಕಾಶೆ ಮತ್ತೆ ಸಂಘದ ಗೋಡೆಗೇರಿತು; ರೋಣದ, ನರಗುಂದದ ಬಡಿಗರು ಬಂದು ನಕಲು ಮಾಡಿಕೊಂಡು ಹೋದರು. ತಿಂಗಳೊಪ್ಪತ್ತಿನಲ್ಲಿ ರೋಣದಿಂದ ಮೊದಲ ಮಗ್ಗ ಬಂಡಿಯ ಮೇಲೆ ಬಂತು. ಸಂಘದ ಅಂಗಳದಲ್ಲಿ ಜೋಡಿಸಿದರು. ನೇಯ್ದು ತೋರಿಸಲು ಬಾಳವ್ವ ಕೂತಳು. ಆಕೆಯೋ ಬಾಗಿಲಿಗೆ ತಲೆ ಬಗ್ಗಿಸಿ ಬರುವಷ್ಟು ಎತ್ತರದ ಹೆಂಗಸು. ಒಮ್ಮೆ ತುಳಿದಳು, ಮೊಣಕಾಲು ದಿಂಡಿಗೆ ಠಕ್ ಅಂತ ಬಡಿಯಿತು. ಇನ್ನೊಮ್ಮೆ ತುಳಿದಳು, ಇನ್ನೊಮ್ಮೆ ಬಡಿಯಿತು.

“ಯವ್ವಾ! ಇದು ಮಗ್ಗೋ, ಮೊಳಕಾಲ ಮುರಿಯೋ ಗಾಣೋ? ಯಾಂವ ಬರ್ದಾನ ಇದನ್ನ?”

ಅಂಗಳವೆಲ್ಲ ನಕ್ಕಿತು. ಎಲ್ಲರೂ ಮೆಹಬೂಬಸುಭಾನಿಯ ಕಡೆ ನೋಡಿದರು. ಅವನ ಮುಖ ಸುಣ್ಣದ ಗೋಡೆ. ಹಿಂದೆ ಕಂಬಕ್ಕೆ ಒರಗಿ ನಿಂತಿದ್ದ ಕಳಕಪ್ಪನಿಗೆ ಬಾಯಲ್ಲಿ ಬೆಲ್ಲ ಇಟ್ಟ ಹಾಗಾಯಿತು. ಆ ಬೆಲ್ಲ ಕರಗುವಷ್ಟರಲ್ಲಿ ಸಂಘದ ಹಿರಿಯ ಅಂದಾನೆಪ್ಪನವರು ಗೋಡೆಯ ನಕಾಶೆಯ ಹತ್ತಿರ ಹೋಗಿ, ಕನ್ನಡಕ ಏರಿಸಿ, ಕೆಳಗಿನ ಮೂಲೆಯಲ್ಲಿ ಸಣ್ಣಗೆ ಬರೆದದ್ದನ್ನು ಗಟ್ಟಿಯಾಗಿ ಓದಿದರು:

“ಗೆರೆ, ಮೆಹಬೂಬಸುಭಾನಿ. ಅಳತೆ, ಬಡಿಗೇರ ಕಳಕಪ್ಪನವರು, ಗಜೇಂದ್ರಗಡ.”

ನಗು ನಿಂತಿತು. ಕಳಕಪ್ಪ ಕಂಬ ಬಿಟ್ಟು ನೆಟ್ಟಗೆ ನಿಂತ. ಅವನ ಹೆಸರು! ಗೋಡೆಯ ಮೇಲೆ, ಶಾಯಿಯಲ್ಲಿ, ತಿಂಗಳಿಂದ ಇತ್ತು. ರೋಣದ ಬಡಿಗರೂ ಓದಿದ್ದರು, ನರಗುಂದದವರೂ ಓದಿದ್ದರು. ಓದದವನು ತಾನೊಬ್ಬನೇ.

“ಏನ್ ಕಳಕಪ್ಪ, ಇದು ನಿನ್ ಅಳತಿ ಏನ?” ಅಂದಾನೆಪ್ಪನವರು ಕೇಳಿದರು.

ಅವನು ಬಾಯಿ ತೆರೆಯುವ ಮೊದಲೇ ಮೆಹಬೂಬಸುಭಾನಿ ಅಂದ, “ಕಾಕಾನ ಅಳತಿ ತಪ್ಪಂಗಿಲ್ರಿ. ನಾನs ತಪ್ಪ ಓದಿರಬೇಕು.”

ಇದಕ್ಕಿಂತ ಎರಡು ಬೈದಿದ್ದರೆ ಕಳಕಪ್ಪನಿಗೆ ಸುಖವಿತ್ತು. ಗೆರೆಯೂ ಇವನದೇ ಚಂದ, ಈಗ ಗುಣವೂ ಇವನದೇ ಚಂದ ಆಗಬೇಕೇನು? ಅದೂ ಇಷ್ಟು ಮಂದಿಯ ಎದುರು! ಫಕೀರವ್ವ ಹೆಣ್ಣುಮಕ್ಕಳ ಗುಂಪಿನಿಂದ ಅವನನ್ನೇ ನೋಡುತ್ತಿದ್ದಳು. ಮಾಯವ್ವನ ಕಾಲಿಗೆ ಕೋಲು ಹಿಡಿದವಳು ಅವಳೇ ಅಲ್ಲವೇ? ಮಗ್ಗದ ಹಲಗೆಯ ಎತ್ತರ ಯಾರ ಕೋಲಿನದೆಂದು ಅವಳಿಗೆ ಗೊತ್ತಾಗಿ ಹೋಗಿತ್ತು.

“ಅಂವ ಬರೋಬ್ಬರಿ ಓದ್ಯಾನ್ರಿ,” ಅಂದ ಕಳಕಪ್ಪ. “ನಾನs ಗಿಡ್ಡಿ ಮಾಯವ್ವನ ಕೋಲ ಕೊಟ್ಟೆ. ಬೇಕಂತ ಕೊಟ್ಟೆ. ಊರ ಮಂದಿ ಅವನ ಹಾಳಿ ನೋಡಾಕ ಹೋಗಿದ್ದು ನನಗ ತಡಕೊಳ್ಳಾಕ ಆಗಲಿಲ್ಲ.”

ಮಾಯವ್ವನೇ ಮುಂದೆ ಬಂದಳು. “ಹಂಗಾರ ಈ ಮಗ್ಗ ನಂದs ಆತಲ್ರಿ! ಬಾಳಕ್ಕ, ಏಳವ್ವ.” ಕೂತು ತುಳಿದಳು. ಬೆಣ್ಣೆಯ ಹಾಗೆ ನಡೆಯಿತು. ಆಗ ಮತ್ತೆ ನಕ್ಕರು, ಆದರೆ ಈ ಸಲ ಕಳಕಪ್ಪನ ಕಡೆ ನೋಡಿಕೊಂಡು. ಅದನ್ನು ಅವನು ತಲೆ ಬಗ್ಗಿಸಿ ಇಸಕೊಂಡ.

ಉಳಿದದ್ದು ಒಂಬತ್ತು ಮಗ್ಗ. ಮೆಹಬೂಬಸುಭಾನಿ ನಕಾಶೆ ಇಳಿಸಿ, ಬ್ಲೇಡಿನಿಂದ ಹದಿನಾಲ್ಕನ್ನು ಹಗುರಕ್ಕೆ ಕೆರೆದು ತೆಗೆದ. ಪೆನ್ನು ಹಿಡಿದು, “ಈಗ ಹೇಳ್ರಿ ಕಾಕಾ, ಎಷ್ಟ ಬರೀಲಿ?”

“ಏನೂ ಬರೀಬ್ಯಾಡ.”

“ಖಾಲಿ ಬಿಡಾಕ ಬರಂಗಿಲ್ರಿ. ರೋಣದಾವರು ಏನ್ ನೋಡಿ ಮಾಡ್ಬೇಕು?”

“ಕಾಲ ನೋಡಿ ಮಾಡ್ಲಿ. ಬಾಳವ್ವಗೂ ಮಾಯವ್ವಗೂ ಒಂದs ಅಳತಿ ಅಂದ್ರ ಹೆಂಗ? ಹಂಗs ಬರಿ.”

ಮೆಹಬೂಬಸುಭಾನಿ ಎರಡು ಬಾಣಗಳ ನಡುವೆ ಅಂಕಿ ಇಲ್ಲದೆ ಬರೆದ: ಕೂಡುವವರ ಕಾಲು ಅಳೆದು. ಒಂಬತ್ತು ಕೋಲು ರೋಣಕ್ಕೂ ನರಗುಂದಕ್ಕೂ ಬಂಡಿ ಹತ್ತಿದವು, ಒಂದೊಂದಕ್ಕೆ ಒಬ್ಬೊಬ್ಬರ ಹೆಸರು ಕಟ್ಟಿಕೊಂಡು.

ಕಳಕಪ್ಪ ಪೂರಾ ತಣ್ಣಗಾದ ಅಂದುಕೊಳ್ಳಬೇಡಿ. ಮರುವಾರ ಅವನು ಹಲಗೆಯ ಮೇಲೆ ಇದ್ದಲಿಯಿಂದ ಏನೋ ಗೀಚುತ್ತ ಕೂತಿದ್ದನ್ನು ಫಕೀರವ್ವ ಹಿಂದಿನಿಂದ ಬಂದು ಇಣುಕಿ ನೋಡಿದಳು.

“ಏನ್ರಿ ಇದು, ಕೋಳಿ ಕಾಲ?”

“ಬಾಣ,” ಅಂದ ಕಳಕಪ್ಪ. ಅಂಗೈಯಿಂದ ಅಳಿಸಿ, ಮತ್ತೊಂದು ಬರೆಯತೊಡಗಿದ.